ನಾಯಕಿ ಬೆನ್ನು ತೋರಿಸಲಿಲ್ಲ

ನನ್ನ ಓರಗಿತ್ತಿಗೆ ಹಿಂದಿ ಬಾರದು. ಆದರೂ ಹೊಸ ಹಿಂದಿ ಸಿನಿಮಾ ಬಂತೆಂದರೆ ಮೊದಲ ದಿನದ ಮೊದಲ ಆಟಕ್ಕೇ ಹಾಜರು. ಕತೆ ನಡೆಯುವಾಗ ತೂಕಡಿಸುತ್ತಾರೆ. ಹಾಡು ಶುರುವಾದ ಕೂಡಲೇ ಚೀಲದಿಂದ ಪೆನ್ಸಿಲು, ನೋಟ್‌ಬುಕ್ಕು ಹೊರಗೆ. ನಾಯಕ ಬೆಟ್ಟದಿಂದ ಉರುಳಿದರೂ ಅವರಿಗೇನೂ ಇಲ್ಲ, ನಾಯಕಿಯ ತೋಳಿಗೆ ಎಷ್ಟು ನೆರಿಗೆ ಎಂಬುದಷ್ಟೇ ಚಿಂತೆ. ಕೊನೆಗೆ ಯಾರು ಸತ್ತರು, ಯಾರು ಯಾರನ್ನು ಕಟ್ಟಿಕೊಂಡರು ಎಂದು ದಾರಿಯಲ್ಲಿ ನನ್ನನ್ನು ಕೇಳುತ್ತಾರೆ.

ನಾನು ಅಕ್ಕ ಎಂದೇ ಕರೆಯುವ ಈ ಓರಗಿತ್ತಿಯದು ಹೊಲಿಗೆ ಕೆಲಸ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಮೇಲೆ ಬೋರ್ಡು: ‘ಸಿನಿಮಾದಲ್ಲಿ ಇದ್ದ ಹಾಗೆಯೇ ರವಿಕೆ ಹೊಲಿದುಕೊಡಲಾಗುವುದು’. ಇಪ್ಪತ್ತು ವರ್ಷ ಆ ಮಾತು ತಪ್ಪಿರಲಿಲ್ಲ.

ಒಂದು ದಿನ ಆಸ್ಪತ್ರೆಯ ನರ್ಸ್ ಹುಡುಗಿ ಹಸಿರು ಬಟ್ಟೆ ಹಿಡಿದು ಬಂದಳು. “ಅಕ್ಕ, ಹೊಸ ಸಿನಿಮಾದ ಮಳೆ ಹಾಡಲ್ಲಿ ಹಾಕಿದಾಳಲ್ಲ, ಅದೇ ಬೇಕು. ಚೂರು ಬೇರೆಯಾದ್ರೂ ನನ್ನ ಮದುವೆಗೆ ಹಾಕ್ಕೊಳ್ಳಲ್ಲ.”

“ನಾನಿರೋದು ಯಾಕಮ್ಮ ಮತ್ತೆ?” ಎಂದರು ಅಕ್ಕ.

ಟಾಕೀಸಿನಲ್ಲಿ ಆ ಹಾಡು ಬಂದಾಗ ರವಿಕೆಯ ಮುಂಭಾಗ ಎರಡೇ ನಿಮಿಷದಲ್ಲಿ ನೋಟ್‌ಬುಕ್ಕಿಗಿಳಿಯಿತು. ಬೆನ್ನು ಮಾತ್ರ ಕಾಣಲೊಲ್ಲದು. ನಾಯಕಿ ಗಿರ್ರನೆ ತಿರುಗಿದರೆ ಜಡೆ ಬಿಚ್ಚಿ ಕೂದಲು ಅಡ್ಡ. ಓಡಿದರೆ ಛತ್ರಿ ಹಿಡಿದ ನಲವತ್ತು ಜನ ಅಡ್ಡ. ನಿಂತರೆ ನಾಯಕನ ಕೈ ಅಲ್ಲೇ.

“ಆ ಕೈ ತೆಗಿಯೋ, ಮಹಾರಾಯ!” ಎಂದು ಅಕ್ಕ ಕೂಗಿದ್ದಕ್ಕೆ ಇಡೀ ಸಾಲು ತಿರುಗಿ ನೋಡಿತು. ಮೂರು ದಿನ ಮೂರು ಆಟ. ನನಗೆ ಹಾಡು ಬಾಯಿಪಾಠವಾಯಿತು.

ಮದುವೆಗೆ ಎರಡೇ ದಿನವಿತ್ತು. ಅಕ್ಕ ಬಾಗಿಲು ಹಾಕಿಕೊಂಡು ಕತ್ತರಿ ಹಿಡಿದರು. ಸಂಜೆ ನೋಡಿದರೆ ಬೆನ್ನಿಗೆ ಎಲೆಯಾಕಾರದ ಕಿಂಡಿ, ಅದರ ಕೆಳಗೆ ಬಟ್ಟೆ ಸುತ್ತಿದ ಏಳು ಪುಟ್ಟ ಗುಂಡಿ. “ಹೀಗೇ ಇತ್ತಮ್ಮ” ಎಂದು ಹುಡುಗಿಗೆ ಹೇಳುವಾಗ ಗೋಡೆ ನೋಡುತ್ತಿದ್ದರು. ಸುಳ್ಳು ಹೇಳಿ ರೂಢಿಯಿಲ್ಲದವರ ಪಾಡೇ ಅಷ್ಟು.

ಮದುವೆಯಲ್ಲಿ ಹೆಂಗಸರೆಲ್ಲ ಹುಡುಗಿಯ ಹಿಂದೆಯೇ ನಿಂತರು. ವಾರದಲ್ಲಿ ಹನ್ನೆರಡು ಜನ ‘ಸಿನಿಮಾ ಬೆನ್ನು’ ಬೇಕೆಂದು ಬಂದರು. ಅಕ್ಕನಿಗೆ ಅನ್ನ ಸೇರದು. “ನಿಜ ಗೊತ್ತಾದ ದಿನ ಬೋರ್ಡು ಇಳಿಸಬೇಕಷ್ಟೆ ಕಣೇ” ಎನ್ನುತ್ತಿದ್ದರು.

ಗೊತ್ತಾಗಿಯೂ ಹೋಯಿತು. ಆ ಹಾಡನ್ನು ಹೇಗೆ ಚಿತ್ರಿಸಿದರೆಂದು ಟಿವಿಯಲ್ಲಿ ತೋರಿಸಿದರು. ನಾಯಕಿ ನಮಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದಳು. ಸಡಿಲ ರವಿಕೆಯನ್ನು ಹಿಂದೆ ಒಟ್ಟು ಮಾಡಿ ಆರು ಪಿನ್ನು ಚುಚ್ಚಿದ್ದರು, ಅಷ್ಟೆ!

ಮರುದಿನವೇ ಹುಡುಗಿ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತರು. “ತಪ್ಪಾಯ್ತಮ್ಮ. ಆ ಬೆನ್ನು ಸಿನಿಮಾದ್ದಲ್ಲ. ನಾನೇ ಯೋಚನೆ ಮಾಡಿ ಹೊಲಿದಿದ್ದು.”

ಹುಡುಗಿ ನಕ್ಕುಬಿಟ್ಟಳು. “ಸುಮ್ನಿರಿ ಅಕ್ಕ! ಟಿವಿಯವರು ತೋರಿಸಿದ್ದು ಬೇರೆ ರವಿಕೆ ಇರ್ಬೇಕು. ಇಷ್ಟು ಚೆನ್ನಾಗಿರೋದು ನಮ್ಮ ಬೀದೀಲಿ ಯಾರಿಗೆ ಹೊಳೆಯುತ್ತೆ? ನಮ್ಮತ್ತೆಗೂ ಅಂಥದ್ದೇ ಒಂದು ಬೇಕಂತೆ.” ಅಳತೆ ರವಿಕೆ ಇಟ್ಟು ಹೊರಟೇಹೋದಳು.

ಅಕ್ಕ ಆ ರವಿಕೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನನಗೆ ಹುಡುಗಿಯ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇಪ್ಪತ್ತು ವರ್ಷ ನಾನೂ ಅಕ್ಕನನ್ನು ‘ಕಾಪಿ ಹೊಡೆಯೋರು’ ಎಂದೇ ಛೇಡಿಸಿದ್ದೆನಲ್ಲ.

ಅವರ ಮುಂದೆ ಹೋಗಿ ಬೆನ್ನು ಹಾಕಿ ನಿಂತೆ. “ನಂಗೂ ಒಂದು ಹೊಲೀರಿ ಅಕ್ಕ. ಸಿನಿಮಾದ್ದು ಬೇಡ. ನಿಮ್ಮದು.”

ಅಕ್ಕ ಮಡಿಸಿದ ರವಿಕೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಟೇಪು ನನ್ನ ಹೆಗಲಿಗೆ ತಾಗಿತು.

“ನೆಟ್ಟಗೆ ನಿಂತ್ಕೊಳ್ಳೇ,” ಎಂದು ಅಕ್ಕ ಗದರಿದರು, “ಈ ಸಲ ಗುಂಡಿ ಒಂಬತ್ತು ಇಡ್ತೀನಿ.”