ಗೆರೆ ಇಲ್ಲದ ಅಳಿಲು

ನನ್ನ ಅಕ್ಕ ಹುಲಿಗೆಮ್ಮನ ಪರವಾಗಿ ಒಂದೇ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಮೂವತ್ತು ವರ್ಷ ಹೇಳಲಿಲ್ಲ. ದೊಡ್ಡ ಮಾತೇನಲ್ಲ, ಅಳಿಲಿನ ಬೆನ್ನಿನ ಮಾತು. ಆದರೆ ನುಂಗಿಕೊಂಡ ಸಣ್ಣ ಮಾತು ಅಂಗಾಲಲ್ಲಿ ಮುರಿದುಳಿದ ಜಾಲಿಮುಳ್ಳಿನ ಹಾಗೆ. ನಡೆಯಲು ಅಡ್ಡಿಯಿಲ್ಲ, ದಣಿವು ಮಾತ್ರ ಬೇಗ ಬರುತ್ತದೆ.

ಕೂಡ್ಲಿಗಿ ಕಡೆಯ ನಮ್ಮೂರ ಗುಡ್ಡದಲ್ಲಿ ಬಂಡೆಗೂ ಸೀತಾಫಲಕ್ಕೂ ಕೊರತೆಯಿಲ್ಲ. ಆಗ ಅಕ್ಕ ಏಳನೆಯ ತರಗತಿ, ನಾನು ಮೂರನೆಯದು. ಇಬ್ಬರೂ ಹಣ್ಣು ಕೀಳಲು ಹೋದಾಗ ಕಮರದ ಮರದ ಮೇಲೆ ಅಳಿಲಿನಂಥದ್ದೊಂದು ಹೊಟ್ಟೆ ಉಜ್ಜುತ್ತ ಕೊಂಬೆಯಿಂದ ಜಾರುತ್ತಿತ್ತು. ಬೆನ್ನ ಮೇಲೆ ಗೆರೆಗಳೇ ಇರಲಿಲ್ಲ. ಅಕ್ಕ ಮನೆಗೆ ಓಡಿಬಂದು ಹೇಳಿದಳು. ಕಟ್ಟೆಯ ಮೇಲಿದ್ದ ಸೋದರಮಾವ ನಕ್ಕ.

"ಗೆರಿ ಇಲ್ಲದ ಅಳಿಲು ಎಲ್ಲೈತಲೇ ಹುಚ್ಚಿ? ಏನಲೇ ಕೊಟ್ರ, ನೀ ಹೇಳು. ಗೆರಿ ಇದ್ವೋ ಇಲ್ಲೋ?"

"ಇದ್ವು ಮಾವ. ಮೂರು. ಎದ್ದು ಕಾಣತಿದ್ವು," ಎಂದೆ. ಮಾವನ ಜೊತೆ ನಾನೂ ನಗಬೇಕೆಂಬ ಆಸೆ, ಅಷ್ಟೆ.

ಅಕ್ಕ ಹಟ ಬಿಡಲಿಲ್ಲ. ಮಗಳು ಸುಳ್ಳು ಹೇಳುವವಳಲ್ಲ ಎಂದು ಅವ್ವನಿಗೆ ಗೊತ್ತಿತ್ತು. ಹಾಗಾಗಿ ಕಣ್ಣೇ ಮಂದ ಎಂಬ ತೀರ್ಮಾನಕ್ಕೆ ಬಂದಳು. "ಮೂರು ಗೆರಿ ಕಾಣದಾಕಿಗೆ ಬೋರ್ಡಿನ ಮ್ಯಾಲಿಂದು ಏನು ಕಾಣ್ತೈತಿ?" ಎಂದು ಶಾಲೆ ಬಿಡಿಸಿದಳು. ಅಕ್ಕನ ಚೀಲ ನನಗೆ ಬಂತು; ಐದನೆಯ ತರಗತಿಯವರೆಗೆ ಹೊತ್ತು ಇಳಿಸಿದೆ. ತೆಲಿಗಿಗೆ ಅವಳನ್ನು ಕೊಡುವಾಗ, ಮುಂದೆ ಮಾತು ಬರಬಾರದೆಂದು ಮಾವ ಬೀಗರಿಗೆ ಅಳಿಲಿನ ಕತೆಯನ್ನೂ ಕಣ್ಣಿನ ಸುದ್ದಿಯನ್ನೂ ಮೊದಲೇ ತಿಳಿಸಿದ. ಇವತ್ತಿಗೂ ಅಕ್ಕ ಹಸನು ಮಾಡಿದ ಜೋಳವನ್ನು ಅವಳ ಅತ್ತೆ ಮತ್ತೊಮ್ಮೆ ಹಸನು ಮಾಡುತ್ತಾರೆ. ಒಂದು ಹರಳೂ ಸಿಕ್ಕಿಲ್ಲ.

ನಾನೀಗ ಕಾಡಂಚಿನ ಸಸಿತೋಟದಲ್ಲಿ ನೀರು ಹಾಕುವವನು. ಹೋದ ವರ್ಷ ಅದೇ ಪ್ರಾಣಿ ಎದುರಿಗೆ ಬಂತು. ಜೊತೆಗಿದ್ದ ಅರಣ್ಯ ಇಲಾಖೆಯ ಸಾಹೇಬರು, "ಇದು ಅಳಿಲೇ ಅಲ್ಲ, ಮರಮೂಗಿಲಿ," ಎಂದರು. ಅಂದಿನಿಂದ ಅದನ್ನು ನೋಡುವುದೇ ನನ್ನ ಓದು. ಮರ ಹತ್ತಬಲ್ಲದು, ಆದರೂ ಹೆಚ್ಚು ಹೊತ್ತು ನೆಲದ ಮೇಲೆಯೇ ಎಲೆ ಕೆದರಿ ಹುಳ ಹುಡುಕುತ್ತದೆ. ಕಾಜಾಣ ಹಕ್ಕಿಗಳ ಗುಂಪಿನಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತದೆ. ತನ್ನವರ ಜೊತೆ ಅಷ್ಟಕ್ಕಷ್ಟೆ. ಬೆಳಕಿರುವಾಗಲೇ ಬಂಡೆಯ ಸಂದಿ ಸೇರಿ ಒಂಟಿಯಾಗಿ ಮಲಗುತ್ತದೆ. ಹೊರಗಿನವರೊಡನೆ ಸಲುಗೆ, ಮನೆಯವರೊಡನೆ ಮೌನ. ನೋಡಿದಷ್ಟೂ ನನ್ನದೇ ಬಾಳು. ಹೆಗಲ ಮೇಲೆ ಬೆಳ್ಳಗೆ ಒಂದು ಗೆರೆ ಇರುವುದು ಕಂಡ ದಿನವಂತೂ ಕುಣಿಯುವಷ್ಟು ಸಮಾಧಾನ. ಮೂರು ಎಂದಿದ್ದೆ, ಒಂದಾದರೂ ಇದೆಯಲ್ಲ. ನನ್ನ ಸುಳ್ಳಿನಲ್ಲಿ ಮೂರರಲ್ಲೊಂದು ಪಾಲು ನಿಜ! ಕಲಿತ ಗಣಿತ ಅಷ್ಟಕ್ಕಾದರೂ ಬಂತು. ಸಮಾಧಾನ ಸಂಜೆಯವರೆಗೆ ಉಳಿಯಲಿಲ್ಲ.

ಮೊನ್ನೆ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ತೆಲಿಗಿಗೆ ಹೋದೆ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಮೂಗಿಲಿಯ ಊಟ, ನಿದ್ದೆ, ಸ್ವಭಾವ ಎಲ್ಲವನ್ನೂ ವರ್ಣಿಸಿದೆ. ಹೇಳಬೇಕಾಗಿದ್ದ ಮಾತಿಗೆ ಮಾತ್ರ ಬರಲಿಲ್ಲ.

"ಅವತ್ತು ನೀನೂ ನೋಡಿದ್ದಿ. ಬಾಯಿ ತಕ್ಕೊಂಡು ನಿಂತಿದ್ದಿ," ಎಂದಳು, ಮೊರದಿಂದ ಕಣ್ಣೆತ್ತದೆ.

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ ಅಕ್ಕ?"

"ಕುರುಡಿ ಮಾತು ಯಾರು ಕೇಳತಾರಲೇ ತಮ್ಮಾ?"

"ತಪ್ಪಾತಕ್ಕ," ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನಗ್ಯಾಕ ಹೇಳ್ತಿ? ನನಗ ಗೊತ್ತೈತಿ. ಒಳಗ ನಮ್ಮತ್ತಿ ಅದಾಳ, ಆಕಿಗೆ ಹೇಳು. ಜೋರಾಗಿ ಹೇಳು ಮತ್ತ, ಆಕಿಗೆ ಕಿವಿ ಮಂದ."

ಎದ್ದು ಬಾಗಿಲಲ್ಲಿ ನಿಂತೆ. ಪಕ್ಕದ ಮನೆಯವರೂ ಹೊರಗೆ ಬರುವ ಹಾಗೆ ಕೂಗಿದೆ:

"ಯಮ್ಮಾ, ಕೇಳ್ರಿ! ನಮ್ಮಕ್ಕನ ಕಣ್ಣು ನೆಟ್ಟಗ ಅದಾವ್ರಿ! ಅದರ ಬೆನ್ನಿಗೆ ಗೆರಿ ಇರಲಿಲ್ಲ, ನಾನೂ ನೋಡಿದ್ದೆ! ಸುಳ್ಳು ಹೇಳಿದಾಂವ ನಾನು! ತಪ್ಪಾತು ಅಕ್ಕ, ನಂದು ತಪ್ಪಾತು!"