ತಂಗಿಗೆ ಹೇಳದೆ ಮುಚ್ಚಿಟ್ಟ ನೋವು

ನಾನು ನನ್ನ ತಂಗಿಗೆ ಸುಳ್ಳು ಹೇಳಿದೆ. ಗೊತ್ತಿದ್ದೂ ಹೇಳಿದೆ. ಗಂಡನ ಜೊತೆ ಸೇರುವಾಗ ಅವಳಿಗಾಗುತ್ತಿದ್ದ ನೋವು ಎಂಥದು, ಅದಕ್ಕೆ ಏನು ಮಾಡಬೇಕು ಎಂದು ನಮ್ಮ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ. ಅದೇ ನೋವು ತಿಂದು, ಅದರಿಂದ ಹೊರಗೆ ಬಂದವಳು. ಅವಳು ಬಾಯಿಬಿಟ್ಟು ಕೇಳಿದಾಗ—ಇಲ್ಲ ಅಂದುಬಿಟ್ಟೆ.

ಮೊದಲು ನನ್ನದನ್ನು ಹೇಳಬೇಕು. ನಮ್ಮ ತವರು ಬೇಗೂರು. ನನ್ನನ್ನು ಚಾಮರಾಜನಗರಕ್ಕೆ ಕೊಟ್ಟರು. ಗಂಡ ಹೈಸ್ಕೂಲು ಮೇಷ್ಟ್ರು, ನನಗೆ ಅಲ್ಲೇ ಒಂದು ಕಚೇರಿಯಲ್ಲಿ ಕೆಲಸ. ಮದುವೆಯಾದ ಮೊದಲ ವರ್ಷ ನಾವಿಬ್ಬರೂ ಸೇರಲು ಆಗಲೇ ಇಲ್ಲ. ಆಸೆ ಇರಲಿಲ್ಲವೆಂದಲ್ಲ. ಅವರು ಹತ್ತಿರ ಬಂದರೆ ಸಾಕು, ಮೈ ಸೆಟೆದುಕೊಳ್ಳುತ್ತಿತ್ತು. ಉರಿ, ಸೀಳಿದಂಥ ನೋವು. ಕೊನೆಗೆ ಅವರೇ ನನ್ನನ್ನು ಮೈಸೂರಿನ ಒಬ್ಬ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ಆಕೆ ಗಾಯವೋ ಸೋಂಕೋ ಇದೆಯೇ ಎಂದು ಮೆಲ್ಲಗೆ ನೋಡಿದರು. ನಾನು ಬೇಡ ಅಂದ ಕೂಡಲೇ ಕೈ ತೆಗೆದರು.

“ಇದು ನಿಮ್ಮ ಹಟ ಅಲ್ಲಮ್ಮ,” ಅಂದರು. “ಹೆದರಿಕೆಗೆ ಅಲ್ಲಿನ ಸ್ನಾಯುಗಳು ತಾವಾಗೇ ಬಿಗಿದುಕೊಳ್ತವೆ. ಬಿಗಿದಷ್ಟೂ ನೋವು, ನೋವಾದಷ್ಟೂ ಹೆದರಿಕೆ. ವಾಸಿಯಾಗುತ್ತೆ. ಬಲವಂತ ಮಾತ್ರ ಕೂಡದು.” ನನ್ನ ಗಂಡನ ಕಡೆ ತಿರುಗಿ, “ಅವರು ಸರಿ ಅನ್ನೋವರೆಗೂ ನೀವು ಕಾಯಬೇಕು,” ಅಂದರು.

ಅವರು ಕಾದರು. ಉಸಿರು ಬಿಡುತ್ತಾ ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲ ಬಿಡುವುದನ್ನು ನಾನು ಕಲಿತೆ. ಡಾಕ್ಟರು ಕೊಟ್ಟ ನುಣುಪಾದ ಕೊಳವೆಗಳಿಗೆ ಜೆಲ್ ಹಚ್ಚಿ, ಒಳಗೆ ಇಟ್ಟುಕೊಳ್ಳುತ್ತಾ, ಕಿರುಬೆರಳಿನಷ್ಟು ಸಣ್ಣದರಿಂದ ಶುರುಮಾಡಿ, ನಿಧಾನವಾಗಿ ಸ್ವಲ್ಪ ದೊಡ್ಡದಕ್ಕೆ ಹೋಗಿ, ಹೆದರಬೇಡ ಎಂದು ನನ್ನ ಮೈಗೆ ನಾನೇ ಹೇಳಿಕೊಟ್ಟೆ. ತಿಂಗಳುಗಳು ಹಿಡಿದವು. ನೋವು ಹೋಯಿತು. ಮಗಳು ಹುಟ್ಟಿದಳು. ಮೈಸೂರಿನ ವಿಷಯ ಯಾರಿಗೂ ತಿಳಿಯಬಾರದು ಎಂದು ಗಂಡನಿಂದ ಭಾಷೆ ತೆಗೆದುಕೊಂಡವಳು ನಾನೇ.

ಆಮೇಲೆ ತಂಗಿ ಸವಿತಳ ಮದುವೆಯಾಯಿತು. ಹಂಗಳದಲ್ಲಿ ಅರಿಶಿನ, ಚೆಂಡುಹೂವು ಬೆಳೆಯುವ ಅನುಕೂಲಸ್ಥರ ಮನೆ. ವರ್ಷ ತುಂಬುವ ಮೊದಲೇ ಅವಳ ಗಂಡ, ಅತ್ತೆ, ಮಾವ ಅವಳನ್ನು ಕರೆದುಕೊಂಡು ಬೇಗೂರಿಗೆ ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ನನ್ನನ್ನೂ ಕರೆಸಿದರು. ಅಪ್ಪ ತೀರಿಕೊಂಡಿದ್ದರಿಂದ ದೊಡ್ಡಪ್ಪನೇ ಹಿರಿಯ.

“ಗಂಡನ್ನ ಅತ್ರಕ್ಕೇ ಸೇರ್ಸಿಲ್ಲ ನಿಮ್ಮುಡ್ಗಿ,” ಅಂದರು ಅತ್ತೆ. “ಮನ್ಸಲ್ಲಿ ಬ್ಯಾರೆ ಯಾರವ್ರೋ ಕೇಳಿ. ತಾಯ್ತ ಕಟ್ಸಿದ್ದೂ ಆಯ್ತು.”

ದೊಡ್ಡಪ್ಪ ನನ್ನ ಕಡೆ ನೋಡಿದರು. “ನೀನು ಓದ್ದೋಳು. ಒಳಕ್ಕೋಗಿ ಕೇಳಮ್ಮಿ, ಏನಂತೆ.”

ಸವಿತ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ನನ್ನ ಕೈ ಹಿಡಿದುಕೊಂಡಳು.

“ಬೇಕೂಂತ ಮಾಡ್ತಿಲ್ಲ ಕಣಕ್ಕ. ಕುಯ್ದಂಗಾಯ್ತದೆ. ನಿಂಗೂ ಮೊದ್ಲು ಇಂಗೇ ಆಗಿತ್ತಾ? ಒಂದ್ಸಲ ನಿಜ ಯೇಳು.”

ಅಡುಗೆಮನೆ ಬಾಗಿಲಿಂದ ಅವಳ ಅತ್ತೆಯ ಸೆರಗು ಕಾಣುತ್ತಿತ್ತು. ಹೌದು ಅಂದರೆ ಆಕೆಗೆ ಕೇಳುತ್ತದೆ—ಜಗಲಿಗೆ ಕೇಳುತ್ತದೆ—ಚಾಮರಾಜನಗರದಲ್ಲಿರುವ ನನ್ನ ಅತ್ತೆಗೆ ಕೇಳುತ್ತದೆ. ಇಷ್ಟನ್ನೂ ಯೋಚಿಸಿದೆ. ಎಷ್ಟು ಬೇಗ ಯೋಚಿಸಿದೆ!

“ಇಲ್ಲ ಕಣಮ್ಮಿ,” ಅಂದೆ. “ನಂಗೇನೂ ಆಗ್ನಿಲ್ಲ.”

ಅವಳು ಕೈ ಬಿಟ್ಟಳು. ನಾನು ಜಗಲಿಗೆ ಬಂದು ಹೇಳಿದೆ: “ಅವ್ಳಿಗೇನೂ ಆಗಿಲ್ಲ. ಒಸಿ ಎದ್ರಿಕೆ, ಅಷ್ಟೆ. ಕರ್ಕೊಂಡೋಗಿ, ಸರೋಯ್ತದೆ.”

ಕರೆದುಕೊಂಡು ಹೋದರು. ಆಮೇಲೆ ಆ ಮನೆಯಲ್ಲಿ ಅವಳ ‘ಬೇಡ’ವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಅತ್ತು ಅಂಗಲಾಚಿದಾಗ ಗಂಡ, “ನಿಮ್ಮಕ್ಕನೇ ಯೇಳವ್ಳಲ್ಲ, ಏನೂ ಆಗಿಲ್ಲ ಅಂತ,” ಅಂದನಂತೆ. ನನ್ನ ಮಾತು—ಅವನ ಕೈಗೆ ನಾನೇ ಕೊಟ್ಟಿದ್ದೆ.

ಒಂದು ಬೆಳಿಗ್ಗೆ ಅವಳು ಉಟ್ಟ ಸೀರೆಯಲ್ಲೇ ಗುಂಡ್ಲುಪೇಟೆಗೆ ಬಂದು, ಬಸ್ಸು ಬದಲಿಸಿ, ತವರಿಗೆ ಬಂದಳು. ಮತ್ತೆ ಹೋಗಲಿಲ್ಲ. ಸಂಸಾರಕ್ಕೆ ಲಾಯಕ್ಕಿಲ್ಲದವಳು ಎಂದು ಹೇಳಿ ಅವರು ಬಿಡುಗಡೆ ಪಡೆದರು. ಅವನಿಗೆ ಬೇರೆ ಮದುವೆಯೂ ಆಯಿತು. ನಮ್ಮ ಕಡೆಯವರ ಮದುವೆಮನೆಗಳಲ್ಲಿ ಸವಿತಳನ್ನು ಮುಂದಕ್ಕೆ ಕರೆಯುವುದು ನಿಂತುಹೋಯಿತು. ಅವಳು ಗುಂಡ್ಲುಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು, ಬೇಗೂರಿನಿಂದಲೇ ದಿನಾ ಓಡಾಡಿದಳು. ಹಬ್ಬಕ್ಕೆ ನನ್ನ ಮಗಳಿಗೆ ಲಂಗ ಹೊಲಿದು ಕಳಿಸುತ್ತಿದ್ದಳು. ನಾನು ತೆಗೆದುಕೊಳ್ಳುತ್ತಿದ್ದೆ.

ಇಷ್ಟು ವರ್ಷವಾದ ಮೇಲೆ, ಮೊನ್ನೆ ಮೊನ್ನೆ, ಕಿಬ್ಬೊಟ್ಟೆ ನೋವೆಂದು ಅವಳು ಡಾಕ್ಟರ ಬಳಿ ಹೋಗಿದ್ದಾಳೆ. ಆ ಡಾಕ್ಟರು ಹಿಂದಿನದನ್ನೆಲ್ಲ ವಿಚಾರಿಸಿದ್ದಾರೆ. ಹೊರಗೆ ಬಂದವಳೇ ನನಗೆ ಫೋನು ಮಾಡಿದಳು. ದನಿ ನಡುಗುತ್ತಿತ್ತು—ಸಂತೋಷಕ್ಕೆ.

“ಅಕ್ಕಾ, ಅದು ಕಾಯಿಲೆಯಂತೆ ಕಣಕ್ಕ! ಸುಮಾರು ಜನಕ್ಕೆ ಇರ್ತದಂತೆ. ವಾಸಿನೂ ಆಯ್ತದಂತೆ. ನಂದೇನೂ ತಪ್ಪಿಲ್ವಂತೆ.”

ಆಗಲೂ ಸುಮ್ಮನಿರಬಹುದಿತ್ತು. ‘ಹೌದಾ’ ಅನ್ನಬಹುದಿತ್ತು. ಆ ‘ಹೌದಾ’ ಬಾಯಿಯವರೆಗೂ ಬಂದಿತ್ತು. “ಸವಿತಾ, ನಂಗೊತ್ತಿತ್ತು,” ಅಂದೆ. ಮೈಸೂರಿನದನ್ನೆಲ್ಲ ಹೇಳಿದೆ. ಆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

“ಅವತ್ತು ನಾನು ಕೇಳ್ದಾಗ, ನಿಂಗೆ ಆಗ್ಲೇ ವಾಸಿಯಾಗಿತ್ತಾ?”

“ಊಂ.”

“ನಂಗೆ ಯೇಳ್ದೆ, ಸರಿ. ಆ ಜಗ್ಲಿ ಮೇಲೆ ಕೂತಿದ್ದವ್ರಿಗೆ ಯಾವಾಗ ಯೇಳಿಯೆ?”

ಫೋನು ಇಟ್ಟಳು. ಅವಳು ನನ್ನಿಂದ ಕೇಳಿದ್ದು ಅದೊಂದೇ.

ಭಾನುವಾರ ಬೇಗೂರಿಗೆ ಹೋದೆ. ಅವ್ವನನ್ನೂ ದೊಡ್ಡಪ್ಪನನ್ನೂ ಜಗಲಿಯ ಮೇಲೆ ಕೂರಿಸಿದೆ. ಸವಿತ ಒಳಗೆ ಇದ್ದಳು. ನನಗಿದ್ದ ನೋವನ್ನು, ಡಾಕ್ಟರು ಹೇಳಿದ್ದನ್ನು, ಅಡುಗೆಮನೆಯಲ್ಲಿ ನಾನು ಆಡಿದ ಸುಳ್ಳನ್ನು—ನಾಲಿಗೆ ತಡವರಿಸಿದರೂ ಬಿಡದೆ—ಹೇಳಿದೆ. ಹಂಗಳದವರಿಗೂ ನಾನೇ ಹೋಗಿ ಹೇಳುತ್ತೇನೆ ಅಂದೆ.

“ಎಂಗುಸ್ರು ಆಡೋ ಮಾತಾ ಇದು?” ಎಂದು ದೊಡ್ಡಪ್ಪ ಟವೆಲ್ಲು ಕೊಡವಿ ಎದ್ದು ಹೋದರು. ಅವ್ವ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

“ಅವ್ಳು ದಿನಾ ನನ್ ಕಣ್ಮುಂದೆ ಸವೀತಿದ್ಲು,” ಅಂದಳು. “ನಂಗಾದ್ರೂ ಯೇಳ್ಬೌದಿತ್ತಲ್ಲಮ್ಮಿ. ಎಂಗೆ ಸುಮ್ನಿದ್ಬುಟ್ಟೆ?”



ಸವಿತ ಒಳಗಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಪಕ್ಕದಲ್ಲೂ ಜಾಗವಿತ್ತು. ಅವಳು ಅವ್ವನ ಪಕ್ಕ ಹೋಗಿ ಕುಳಿತಳು.