ದೊಡ್ಡವ್ವನ ಹಗೇವು, ನನ್ನ ಮಂಜುಗಡ್ಡೆ

ಮೊನ್ನೆ ಮಂಡ್ಯದ ಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬ ತೆಗೆದೆ. ಬಹಳ ದಿನ ಮುಚ್ಚಿಟ್ಟಿದ್ದರಿಂದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನೀವಾಗಿದ್ದರೆ ಹಿಟ್ಟು ಚೆಲ್ಲಿ ಡಬ್ಬ ತೊಳೆಯುತ್ತಿದ್ದಿರಿ. ನಾನು ಮುಚ್ಚಳ ಹಿಡಿದುಕೊಂಡೇ ನಾಚಿಕೆಯಿಂದ ಕುಗ್ಗಿಹೋದೆ.

ಅದು ಆತಗೂರಿನಲ್ಲಿರುವ ನಮ್ಮ ದೊಡ್ಡವ್ವನ ಹಗೇವಿನ ವಾಸನೆ. ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ನನ್ನದು ಎರಡೂ ದೊಡ್ಡದು, ಆ ಮಾತು ಬಿಡಿ. ಒಂದು ಬೇಸಿಗೆ ರಜೆಯಲ್ಲಿ ಚಪ್ಪಡಿ ಸರಿಸಿದ ಕೂಡಲೇ ಒಳಗಿಳಿಯಲು ಹೊರಟೆ. ದೊಡ್ಡವ್ವ ರಟ್ಟೆ ಹಿಡಿದು ಎಳೆದು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟಳು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು.

"ನೋಡ್ದೇನ್ಲಾ? ಓದ್ ವರ್ಸದ ಗಾಳಿ ಒಳ್ಗೇ ಕುಂತದೆ. ಅದು ಒಂಟೋಗ್ಲಿ, ಆಮೇಕೆ ಇಳಿ."

ಗಾಳಿಯೂ ಹಳೆಯದಾಗುತ್ತದೆ, ಒಂದು ಕಡೆ ಕೂತಿರುತ್ತದೆ ಎಂದು ನನಗೆ ಗೊತ್ತಾದದ್ದು ಅಂದೇ. ಮುಂದೆ ಅದೇ ನನ್ನ ಅನ್ನವಾಯಿತು. ದಕ್ಷಿಣ ಧ್ರುವದಲ್ಲಿ ಕೊರೆದು ತಂದ ಮಂಜುಗಡ್ಡೆಯ ಗುಳ್ಳೆ ಒಡೆದು, ಅದರಲ್ಲಿ ಸಾವಿರಾರು ವರ್ಷಗಳಿಂದ ಸಿಕ್ಕಿಕೊಂಡಿರುವ ಗಾಳಿಯನ್ನು ಅಳೆಯುವುದು ನನ್ನ ಕೆಲಸ. ಆಗಿನ ಗಾಳಿ ಹೇಗಿತ್ತು, ಭೂಮಿ ಈಗೇಕೆ ಹೀಗೆ ಕಾಯುತ್ತಿದೆ ಎಂಬುದನ್ನು ಅದು ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಮದ್ದೂರಿನಲ್ಲಿ ನನಗೊಂದು ಸನ್ಮಾನವಾಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲವೂ ಇತ್ತು. ದೊಡ್ಡವ್ವ ಬಸ್ಸು ಹತ್ತಿ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಒಂದು ಗಂಟೆ ಕೊರೆದು ಮುಗಿಸಿದ ಮೇಲೆ ಎದ್ದು ನಿಂತಳು.

"ಅಲ್ ಕಣ್ಲಾ, ಆ ಐಸೊಳ್ಗಿನ ಗಾಳಿಗೂ ದೀಪ ಬುಟ್ಟು ನೋಡ್ತೀರಾ?"

ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಪಕ್ಕದಲ್ಲಿದ್ದ ಅಧ್ಯಕ್ಷರು "ಯಾರು ಆ ಅಜ್ಜಿ?" ಎಂದು ಕೇಳಿದರು. "ಯಾರೋ ನಮ್ಮೂರ ಕಡೆಯವರು" ಅಂದೆ. ಮೈಕು ಇನ್ನೂ ಆನ್ ಇತ್ತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಕೂತಳು. ಊಟಕ್ಕೂ ನಿಲ್ಲದೆ ಹೋದಳು.

ಅಂದು ಆ ಸಭೆಯಲ್ಲಿ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದ್ದರೆ ಅದು ಅವಳೊಬ್ಬಳೇ. ಅವಳ ಲಾಟೀನನ್ನು ಆರಿಸಿದ ಇಂಗಾಲದ ಡೈಆಕ್ಸೈಡನ್ನೇ ನಾನು ಮಂಜುಗಡ್ಡೆಯಲ್ಲಿ ಹುಡುಕುತ್ತಿರುವುದು. ಗೊತ್ತಿದ್ದೂ ನಕ್ಕೆನಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಡಬ್ಬ ಕೆಳಗಿಟ್ಟು ಫೋನು ಮಾಡಿದೆ. ಅವತ್ತು ತಪ್ಪಾಯಿತು ಅಂದೆ. ನಾಡಿದ್ದು ಮಳವಳ್ಳಿಯ ಕಾಲೇಜಿನಲ್ಲಿ ಮತ್ತೆ ಇದೇ ಭಾಷಣವಿದೆ, ಹಗೇವಿನಿಂದಲೇ ಶುರು ಮಾಡುತ್ತೇನೆ, ಇವಳು ನಮ್ಮ ದೊಡ್ಡವ್ವ ಎಂದು ಎಲ್ಲರೆದುರು ಹೇಳಬೇಕು, ಬಾ ಎಂದು ಕರೆದೆ.

"ಬತ್ತೀನಿ ಬುಡು," ಅಂದಳು. "ಅದ್ನೇ ತಿರ್ಗಾ ಕೇಳ್ತೀನಿ. ನಗ್ಬ್ಯಾಡ ಕಣ್ಲಾ."